ಹದಿಹರೆಯದ ಕುಡಿತ ಮತ್ತು ಮೆದುಳಿನ ಸಿರೊಟೋನಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕುಡಿತ ಅಂದ ಕೂಡಲೇ ಮಾತು ಲಿವರ್ ಕಡೆ ಹೋಗುತ್ತದೆ. ಹದಿನೇಳರ ಹುಡುಗನಿಗೆ ಲಿವರ್ ಭಯ ತಟ್ಟುವುದಿಲ್ಲ. ಅದು ಅಪ್ಪನ ವಯಸ್ಸಿನವರ ಕಾಯಿಲೆ ಅಂತ ಅವನ ನಂಬಿಕೆ. ಮೆದುಳಿನ ಲೆಕ್ಕ ಹಾಗಲ್ಲ. ಅಲ್ಲಿ ಪೆಟ್ಟು ಆ ವಯಸ್ಸಿನಲ್ಲೇ ಬೀಳುತ್ತದೆ, ಕುಡಿಯುವುದು ನಿಂತ ಮೇಲೂ ಉಳಿಯಬಹುದು. ಅದರಲ್ಲೂ ಮನಸ್ಸು, ನಿದ್ದೆ, ಸಿಟ್ಟು ಇವನ್ನೆಲ್ಲ ಹದದಲ್ಲಿಡುವ ಸಿರೊಟೋನಿನ್ ವ್ಯವಸ್ಥೆಯ ಬಗ್ಗೆ ಕನ್ನಡದಲ್ಲಿ ಮಾತು ತೀರಾ ಕಡಿಮೆ. ಅದಕ್ಕೇ ಈ ಪುಟ. ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ಕಾಲೇಜು ಮಕ್ಕಳು ಎಲ್ಲರೂ ಓದಲಿ ಅಂತ ಬರೆದದ್ದು.

ವಾರಕ್ಕೊಮ್ಮೆ ಪಾರ್ಟಿಯಲ್ಲಿ ಕುಡಿದರೂ ಅದನ್ನ ಬಿಂಜ್ ಅಂತಾರಾ? ಎಷ್ಟು ಕುಡಿದರೆ ಬಿಂಜ್?

ತಿಂಗಳಿಗೊಮ್ಮೆ ಕುಡಿದರೂ ಬಿಂಜ್ ಆಗಬಹುದು. ಒಂದೇ ಕೂತಿಗೆ ಎಷ್ಟು ಒಳಗೆ ಹೋಯಿತು ಅನ್ನುವುದೇ ಇಲ್ಲಿ ಮುಖ್ಯ. ಅಮೆರಿಕ ಸರ್ಕಾರದ ಮದ್ಯ ಸಂಶೋಧನಾ ಸಂಸ್ಥೆ ಎನ್‌ಐಎಎಎ 2004ರಲ್ಲಿ ಒಂದು ಅಳತೆ ಹಾಕಿಕೊಟ್ಟಿತು. 100 ಮಿಲಿ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ಮುಟ್ಟುವಷ್ಟು ಕುಡಿದರೆ ಅದು ಬಿಂಜ್. ದೊಡ್ಡ ಗಂಡಸರಲ್ಲಿ ಸುಮಾರು ಎರಡು ಗಂಟೆಯಲ್ಲಿ ಐದು ಡ್ರಿಂಕ್, ಹೆಂಗಸರಲ್ಲಿ ನಾಲ್ಕು ಡ್ರಿಂಕ್ ಹಾಕಿದರೆ ಈ ಮಟ್ಟ ಬರುತ್ತದೆ. 14–15ರ ಹುಡುಗನಿಗೆ ನಾಲ್ಕೇ ಸಾಕು, ಹುಡುಗಿಗೆ ಮೂರು. ಅವರ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್.

ಇದನ್ನು ನಮ್ಮ ಬಾಟಲಿಗಳಿಗೆ ಹೊಂದಿಸಿ ನೋಡೋಣ. ಇಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 90 ಮಿಲಿಯ ಒಂದು ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ, 180 ಮಿಲಿಯ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕುಡಿದರೆ ಅದು ವಿಪರೀತ ಕುಡಿತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಮ್ಮ ಹುಡುಗರು ‘ಬರೀ ಒಂದು ಕ್ವಾರ್ಟರ್’ ಅನ್ನುತ್ತಾರಲ್ಲ, ದೊಡ್ಡವರ ಲೆಕ್ಕದಲ್ಲೂ ಅದು ಬಿಂಜೇ.

ಬೀರ್ ಅಷ್ಟೇ ಅಲ್ವಾ, ಅದರಲ್ಲೇನಿದೆ?

650 ಮಿಲಿಯ ಒಂದು ಸ್ಟ್ರಾಂಗ್ ಬೀರ್‌ನಲ್ಲಿ ಶೇ. 8ರಷ್ಟು ಆಲ್ಕೋಹಾಲ್ ಇದ್ದರೆ ಸುಮಾರು 41 ಗ್ರಾಂ ಆಯಿತು. ಹದಿನೈದರ ಹುಡುಗಿಗೆ ಅದೊಂದೇ ಬಾಟಲಿ ಹೆಚ್ಚುಕಡಿಮೆ ಬಿಂಜ್ ಮಟ್ಟ. ಒಳಗೆ ಹೋದದ್ದು ಬೀರೋ ಬ್ರಾಂದಿಯೋ ಅಂತ ಮೆದುಳು ನೋಡುವುದಿಲ್ಲ.

ಸಿರೊಟೋನಿನ್ ಅಂದರೇನು? ಅದನ್ನ ‘ಖುಷಿ ಹಾರ್ಮೋನ್’ ಅಂತಾರಲ್ಲ?

ಮೆದುಳಿನಲ್ಲಿ ಅದು ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ‘ಖುಷಿ ಹಾರ್ಮೋನ್’ ಅಂತ ಕರೆದರೆ ಅದರ ಕೆಲಸ ತೀರಾ ಚಿಕ್ಕದಾಗಿಬಿಡುತ್ತದೆ. 1948ರಲ್ಲಿ ಇದನ್ನು ಮೊದಲು ರಕ್ತದಿಂದ ಬೇರ್ಪಡಿಸಿದಾಗ, ರಕ್ತನಾಳಗಳನ್ನು ಬಿಗಿ ಮಾಡುವ ವಸ್ತು ಅಂತಷ್ಟೇ ಗೊತ್ತಿತ್ತು. ಮೆದುಳಿನಲ್ಲೂ ಇದೆ ಅಂತ 1953ರಲ್ಲಿ ಬೆಟ್ಟಿ ಟ್ವಾರೋಗ್ ಮತ್ತು ಇರ್ವಿನ್ ಪೇಜ್ ತೋರಿಸಿಕೊಟ್ಟರು. ದೇಹದ ಸಿರೊಟೋನಿನ್‌ನಲ್ಲಿ ಹೆಚ್ಚಿನ ಪಾಲು ಇರುವುದು ಕರುಳಿನಲ್ಲಿ. ಮೆದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ತಯಾರಾಗುವ ಜಾಗ ಮೆದುಳಿನ ಕಾಂಡ. ಅದರ ನಟ್ಟನಡುವೆ, ಉದ್ದಕ್ಕೆ ಸಾಲಾಗಿರುವ ನರಕೋಶಗಳ ಗುಂಪುಗಳಿಗೆ ರಾಫೆ ಅಂತ ಹೆಸರು. ಮೆದುಳಿನಲ್ಲಿ ಒಟ್ಟು ಸಾವಿರಾರು ಕೋಟಿ ನರಕೋಶಗಳಿವೆ. ಅದರಲ್ಲಿ ಸಿರೊಟೋನಿನ್ ಮಾಡುವವು ಕೆಲವೇ ಲಕ್ಷ. ಆದರೆ ಅವುಗಳ ಎಳೆಗಳು ಮೆದುಳಿನ ಮೂಲೆ ಮೂಲೆಗೂ ಹೋಗುತ್ತವೆ. ನಿದ್ದೆ, ಹಸಿವು, ಹೆದರಿಕೆ, ಸಿಟ್ಟು, ದುಡುಕನ್ನು ತಡೆದುಕೊಳ್ಳುವ ಶಕ್ತಿ ಎಲ್ಲದರಲ್ಲೂ ಅವುಗಳ ಕೈ ಇದೆ. ಕೋಶಗಳು ಕಡಿಮೆ, ಹರವು ಜಾಸ್ತಿ. ಹಾಗಾಗಿ ರಾಫೆಯಲ್ಲಿ ಸ್ವಲ್ಪ ಕೆಟ್ಟರೂ ದೂರದ ಭಾಗಗಳಿಗೆ ಅದರ ಬಿಸಿ ತಟ್ಟುತ್ತದೆ. ಈ ಪುಟದ ಉಳಿದ ಮಾತೆಲ್ಲ ಇದರ ಮೇಲೇ ನಿಂತಿದೆ.

ಒಂದು ರಾತ್ರಿ ಕುಡಿದಾಗ ಸಿರೊಟೋನಿನ್‌ಗೆ ಏನಾಗುತ್ತದೆ?

ಮೊದಲು ಏರುತ್ತದೆ. ಕುಡಿದ ಸ್ವಲ್ಪ ಹೊತ್ತಿನಲ್ಲೇ ಮೆದುಳಿನ ಕೆಲವು ಭಾಗಗಳಲ್ಲಿ ಸಿರೊಟೋನಿನ್ ಜಾಸ್ತಿ ಬಿಡುಗಡೆಯಾಗುತ್ತದೆ. ಜೊತೆಗೆ 5-ಎಚ್‌ಟಿ3 ಎಂಬ ಗ್ರಾಹಕದ (ಕೋಶದ ಮೇಲೆ ಸಿರೊಟೋನಿನ್ ಬಂದು ಕೂರುವ ಜಾಗ) ಕೆಲಸವನ್ನೂ ಆಲ್ಕೋಹಾಲ್ ನೇರವಾಗಿ ಜೋರು ಮಾಡುತ್ತದೆ. ಆ ದಾರಿಯಲ್ಲಿ ಡೋಪಮೈನ್ ಎಂಬ, ಇನ್ನೂ ಬೇಕು ಅನ್ನಿಸುವ ಇನ್ನೊಂದು ರಾಸಾಯನಿಕ ಕೂಡ ಏರುತ್ತದೆ. ನಾಲಿಗೆ ಸಡಿಲವಾಗುವುದು, ಸಂಕೋಚ ಬಿಡುವುದು ಇವುಗಳಲ್ಲಿ ಇದಕ್ಕೂ ಪಾಲಿದೆ.

ಬೆಳಗ್ಗೆ ಹೊತ್ತಿಗೆ ಆಟ ತಿರುಗುತ್ತದೆ. ಮೆದುಳು ಸಿರೊಟೋನಿನ್ ಮಾಡುವುದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ. ಕುಡಿದಾಗ ಆ ಕಚ್ಚಾ ಸಾಮಾನು ಮೆದುಳಿಗೆ ಸಿಗುವುದೇ ಕಡಿಮೆಯಾಗುತ್ತದೆ. ತುಂಬಾ ದಿನ ಕುಡಿದು ನಿಲ್ಲಿಸಿದ ಇಲಿಗಳ ಮೆದುಳಿನಲ್ಲಿ ಸಿರೊಟೋನಿನ್ ಮಾಮೂಲಿಗಿಂತ ಕೆಳಕ್ಕೆ ಇಳಿದದ್ದನ್ನು ಅಳೆದು ನೋಡಿದ್ದಾರೆ. ಕುಡಿದ ಮರುದಿನದ ಕಾರಣವಿಲ್ಲದ ದಿಗಿಲು, ಯಾರು ಮಾತಾಡಿಸಿದರೂ ರೇಗುವುದು, ಮನಸ್ಸು ಕುಗ್ಗುವುದು ಬರೀ ತಲೆನೋವಿನಿಂದ ಬರುವಂಥದ್ದಲ್ಲ.

ದೊಡ್ಡವರೂ ಕುಡೀತಾರೆ. ಹದಿಹರೆಯದವರಿಗೆ ಮಾತ್ರ ಯಾಕೆ ಜಾಸ್ತಿ ಅಪಾಯ?

ಅವರ ಮೆದುಳಿನ ಕೆಲಸ ಇನ್ನೂ ಮುಗಿದಿರುವುದಿಲ್ಲ. ಹಣೆಯ ಹಿಂದಿನ ಭಾಗ, ಅಂದರೆ ಮುಂದಿನದನ್ನು ಯೋಚಿಸಿ ‘ಬೇಡ, ತಡಿ’ ಅನ್ನುವ ಭಾಗ, ಪೂರ್ತಿ ಬಲಿಯುವ ಹೊತ್ತಿಗೆ ಇಪ್ಪತ್ತೈದರ ಆಸುಪಾಸು ಆಗಿರುತ್ತದೆ. ರಾಫೆಯಿಂದ ಅಲ್ಲಿಗೆ ಹೋಗುವ ಸಿರೊಟೋನಿನ್ ಸಂಪರ್ಕಗಳು ಕೂಡ ಇದೇ ವರ್ಷಗಳಲ್ಲಿ ಹದಗೊಳ್ಳುತ್ತಿರುತ್ತವೆ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ, ಜನ ಅದನ್ನು ಗಮನಿಸುವುದೇ ಇಲ್ಲ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಲಿಂಡಾ ಸ್ಪಿಯರ್ ದಶಕಗಳ ಕಾಲ ಎಳೆ ವಯಸ್ಸಿನ ಇಲಿಗಳ ಮೇಲೆ ಕೆಲಸ ಮಾಡಿದವರು. ಆಲ್ಕೋಹಾಲ್‌ನಿಂದ ಬರುವ ತೂಕಡಿಕೆ, ತೂರಾಟ, ಮರುದಿನದ ಸಂಕಟ ಎಲ್ಲವೂ ಎಳೆಯ ಇಲಿಗಳಲ್ಲಿ ಬೆಳೆದ ಇಲಿಗಳಿಗಿಂತ ಕಡಿಮೆ ಅಂತ ಅವರು ಕಂಡುಕೊಂಡರು. ಇನ್ನು ಸಾಕು ಅಂತ ದೇಹ ಕೊಡುವ ಸೂಚನೆಗಳು ಇವೇ ಅಲ್ವಾ? ಅವೇ ಮಂದವಾದರೆ ಎಳೆಯರು ಇನ್ನೂ ಕುಡಿಯುತ್ತಾರೆ. ‘ನಮ್ ಹುಡುಗ ಎಷ್ಟು ಹಾಕಿದರೂ ಸ್ಟಡಿ’ ಅಂತ ಸ್ನೇಹಿತರು ಹೊಗಳಿದರೆ ಅದು ಹೆಮ್ಮೆಪಡುವ ವಿಷಯವಲ್ಲ, ಹೆದರುವ ವಿಷಯ.

ಸಿರೊಟೋನಿನ್ ಕೋಶಗಳಿಗೇ ಪೆಟ್ಟು ಬೀಳುತ್ತದೆ ಅನ್ನೋದಕ್ಕೆ ಆಧಾರ ಏನು?

ಇದಕ್ಕೆ ಸ್ವಲ್ಪ ಉದ್ದವಾಗೇ ಉತ್ತರ ಕೊಡಬೇಕು.

ಹದಿಹರೆಯದ ಕುಡಿತ ದೊಡ್ಡವರಾದ ಮೇಲೂ ಉಳಿಸುವ ಪರಿಣಾಮ ಏನು ಅಂತ ನೋಡಲು ಎನ್‌ಐಎಎಎ ದುಡ್ಡು ಕೊಟ್ಟು ಕಟ್ಟಿಸಿದ ಒಂದು ಸಂಶೋಧಕರ ಕೂಟವಿದೆ. ಹೆಸರು ನಾಡಿಯಾ. ಅದರಲ್ಲಿ ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯದ ರಯಾನ್ ವೆಟ್ರೆನೊ, ಫುಲ್ಟನ್ ಕ್ರೂಸ್ ಮತ್ತು ಜೊತೆಗಾರರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 25 ದಿನ ವಯಸ್ಸಿನ ಇಲಿಗಳಿಗೆ ಎರಡು ದಿನ ಆಲ್ಕೋಹಾಲ್, ಎರಡು ದಿನ ಬಿಡುವು. 55ನೇ ದಿನದವರೆಗೆ ಹೀಗೇ. ಇಲಿಯ ಬದುಕಿನಲ್ಲಿ ಹರೆಯ ಅಂದರೆ ಈ ದಿನಗಳೇ. ವಾರಾಂತ್ಯಕ್ಕೆ ಮಿತಿಮೀರಿ ಕುಡಿದು ಸೋಮವಾರ ಕಾಲೇಜಿಗೆ ಹೋಗುವವರ ರೂಢಿಯನ್ನು ಹೋಲುವ ಹಾಗೆ ಈ ಬಿಡುವು. ಪ್ರಮಾಣ ಒಂದು ಕಿಲೋ ತೂಕಕ್ಕೆ 5 ಗ್ರಾಂ. ಮನುಷ್ಯರಿಗೆ ಹೋಲಿಸಿದರೆ ಇದು ವಿಪರೀತ ಅನ್ನಿಸುತ್ತದೆ. ಆದರೆ ಇಲಿಯ ದೇಹ ಆಲ್ಕೋಹಾಲನ್ನು ನಮಗಿಂತ ಬೇಗ ಕರಗಿಸುತ್ತದೆ. ಕಿಲೋ ಲೆಕ್ಕವನ್ನು ನೇರವಾಗಿ ನಮ್ಮ ಮೇಲೆ ಹಾಕಿಕೊಳ್ಳಬಾರದು.

ಆಮೇಲೆ ಕುಡಿಸುವುದು ನಿಂತಿತು. ಇಲಿಗಳು ಬೆಳೆದವು. ರಾಫೆಯ ಒಂದು ಭಾಗವಾದ ಡಾರ್ಸಲ್ ರಾಫೆಯ ತೆಳು ಪದರಗಳನ್ನು ತೆಗೆದು, ಸಿರೊಟೋನಿನ್ ಇರುವ ಕೋಶಗಳಿಗೆ ಮಾತ್ರ ಬಣ್ಣ ಹತ್ತುವಂತೆ ಮಾಡಿ ಎಣಿಸಿದರು. ಆಲ್ಕೋಹಾಲ್ ಕಂಡ ಇಲಿಗಳಲ್ಲಿ ಬಣ್ಣ ಹತ್ತಿದ ಕೋಶಗಳು ಕಡಿಮೆ ಇದ್ದವು. 56ನೇ ದಿನ, ಅಂದರೆ ಕುಡಿಸುವುದು ನಿಂತ ಕೂಡಲೇ ಎಣಿಸಿದಾಗಲೂ ಕಡಿಮೆ. 220ನೇ ದಿನ, ಇಲಿಗಳು ಪೂರ್ತಿ ಬೆಳೆದು ಎಷ್ಟೋ ದಿನವಾದ ಮೇಲೂ ಕಡಿಮೆ. ನಡುವಿನ ಅಷ್ಟು ತಿಂಗಳು ಅವು ಒಂದು ಹನಿಯನ್ನೂ ಕಂಡಿರಲಿಲ್ಲ.

ಕೋಶಗಳಷ್ಟೇ ಅಲ್ಲ. ಹೆದರಿಕೆಯನ್ನು ನೋಡಿಕೊಳ್ಳುವ ಅಮಿಗ್ಡಲಕ್ಕೆ, ಹಸಿವು ಮತ್ತು ಹಾರ್ಮೋನುಗಳನ್ನು ನೋಡಿಕೊಳ್ಳುವ ಹೈಪೊಥಲಾಮಸ್‌ಗೆ ರಾಫೆಯಿಂದ ಹೋಗುವ ಎಳೆಗಳೂ ಕಡಿಮೆಯಾಗಿದ್ದವು. ಸಿರೊಟೋನಿನ್ ತಯಾರಿಸುವ ಟಿಪಿಎಚ್2 ಕಿಣ್ವ ಇಳಿದಿತ್ತು. ತಯಾರಾದದ್ದನ್ನು ಪುಟ್ಟ ಚೀಲಗಳಿಗೆ ತುಂಬುವ ಪ್ರೋಟೀನ್ ಕೂಡ ಇಳಿದಿತ್ತು.

ಹಾಗಾದರೆ ಆ ಕೋಶಗಳು ಸತ್ತುಹೋದವಾ?

ಹಾಗೆ ಹೇಳಿಬಿಡುವಂತಿಲ್ಲ. ಬಣ್ಣ ಹತ್ತಲಿಲ್ಲ ಅಂದರೆ ಕೋಶ ಸತ್ತಿದೆ ಅಂತಲೂ ಇರಬಹುದು, ಬದುಕಿದ್ದೂ ಸಿರೊಟೋನಿನ್ ಮಾಡುವುದನ್ನು ನಿಲ್ಲಿಸಿದೆ ಅಂತಲೂ ಇರಬಹುದು. ಎರಡನೆಯದಕ್ಕೆ ಬಲ ಕೊಡುವ ಒಂದು ಸುಳಿವು ಪಕ್ಕದ ಕೆಲಸದಲ್ಲಿ ಸಿಕ್ಕಿದೆ. ನೆನಪು ಮತ್ತು ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಕೋಶಗಳೂ ಇದೇ ರೀತಿ ಕುಡಿಸಿದ ಇಲಿಗಳಲ್ಲಿ ಕಾಣೆಯಾಗಿದ್ದವು. ಕುಡಿಸುವುದು ನಿಲ್ಲಿಸಿ, ಓಡಲು ಚಕ್ರ ಕೊಟ್ಟಾಗ ಅವು ಮತ್ತೆ ಕಾಣಿಸಿಕೊಂಡವು ಅಂತ ಇದೇ ತಂಡ 2020ರಲ್ಲಿ ಬರೆಯಿತು. ಸತ್ತ ಕೋಶಗಳು ಹಾಗೆ ಎದ್ದು ಬರುವುದಿಲ್ಲ. ವಂಶವಾಹಿಗಳ ಮೇಲೆ ಬಿದ್ದ ರಾಸಾಯನಿಕ ಗುರುತುಗಳು ಅವುಗಳ ಬಾಯಿ ಕಟ್ಟಿಸಿದ್ದವು ಅನ್ನುವುದು ಅವರ ವಿವರಣೆ. ಇದು ಬೇರೆ ಜಾತಿಯ ಕೋಶಗಳ ಮಾತು, ಸಿರೊಟೋನಿನ್‌ಗೆ ಹಾಗ್ಹಾಗೇ ಅನ್ವಯಿಸಬಾರದು. ಆದರೂ ಎಲ್ಲ ಮುಗಿದೇಹೋಯಿತು ಅಂತ ಕೈಚೆಲ್ಲಬೇಕಾಗಿಲ್ಲ ಅನ್ನಲು ಇದು ಒಳ್ಳೆಯ ಕಾರಣ.

ಆಲ್ಕೋಹಾಲ್ ಹೇಗೆ ಈ ಹಾನಿ ಮಾಡುತ್ತದೆ?

ಬಲವಾದ ಅನುಮಾನ ಇರುವುದು ಉರಿಯೂತದ ಮೇಲೆ. ಮೆದುಳಿಗೆ ಅದರದೇ ಕಾವಲು ಕೋಶಗಳಿವೆ, ಮೈಕ್ರೋಗ್ಲಿಯಾ ಅಂತ. ಮೇಲೆ ಹೇಳಿದ ಇಲಿಗಳು ಬೆಳೆದ ಮೇಲೂ ಅವುಗಳ ರಾಫೆಯಲ್ಲಿ ಈ ಕಾವಲು ಕೋಶಗಳು ಕೆರಳಿದ ಗುರುತುಗಳಿದ್ದವು. ಉರಿಯೂತದ ಗುಂಡಿ ಒತ್ತುವ ಎನ್‌ಎಫ್-ಕಪ್ಪಾ ಬಿ ಎಂಬ ಪ್ರೋಟೀನ್ ಚುರುಕಾಗಿತ್ತು. ಸಂಶೋಧಕರು ಇಷ್ಟಕ್ಕೇ ಬಿಡಲಿಲ್ಲ. ಬೇರೆ ಇಲಿಗಳಿಗೆ ಆಲ್ಕೋಹಾಲ್ ಬದಲು, ಬ್ಯಾಕ್ಟೀರಿಯಾದ ಹೊರಪದರದಿಂದ ತೆಗೆದ, ಉರಿಯೂತ ಎಬ್ಬಿಸುವ ಒಂದು ವಸ್ತುವನ್ನು ಕೊಟ್ಟರು. ಅವುಗಳಲ್ಲೂ ಸಿರೊಟೋನಿನ್ ಕೋಶಗಳು ಅದೇ ರೀತಿ ಕಡಿಮೆಯಾದವು. ಕುಡಿಸದೆಯೇ ಬರೀ ಉರಿಯೂತದಿಂದ ಅದೇ ಫಲ ಬಂತು ಅಂದರೆ ದಾರಿ ಇದೇ ಇರಬೇಕು ಅನ್ನುವುದಕ್ಕೆ ತೂಕ ಬಂತು.

ವ್ಯಾಯಾಮ ಮಾಡಿದರೆ ಸರಿಹೋಗುತ್ತದಂತೆ, ನಿಜವಾ?

ಅದೇ 2017ರ ಅಧ್ಯಯನದಲ್ಲಿ ಒಂದು ಗುಂಪಿನ ಇಲಿಗಳ ಗೂಡಿನಲ್ಲಿ ಓಡುವ ಚಕ್ರ ಇಟ್ಟಿದ್ದರು. ಯಾರೂ ಬಲವಂತ ಮಾಡಲಿಲ್ಲ, ಬೇಕೆನಿಸಿದಾಗ ಅವು ಹತ್ತಿ ಓಡುತ್ತಿದ್ದವು. ಹರೆಯದಿಂದ ಬೆಳೆಯುವವರೆಗೂ ಚಕ್ರ ಇತ್ತು. ಆ ಇಲಿಗಳಿಗೂ ಆಲ್ಕೋಹಾಲ್ ಅಷ್ಟೇ ಹೋಗಿತ್ತು, ಆದರೆ ಉರಿಯೂತ ತಗ್ಗಿತ್ತು, ಸಿರೊಟೋನಿನ್ ಕೋಶಗಳು ಉಳಿದಿದ್ದವು.

ಈ ಫಲಿತಾಂಶ ನನಗೆ ತುಂಬಾ ಭರವಸೆ ಕೊಡುತ್ತದೆ. ಅದರ ಮಿತಿಯನ್ನೂ ಹೇಳಿಬಿಡುತ್ತೇನೆ. ಇಲ್ಲಿ ಓಟ ಮೊದಲಿಂದ ಜೊತೆಗೇ ಇತ್ತು, ಹಾನಿಯಾಗದಂತೆ ತಡೆಯಿತು. ಶನಿವಾರ ಕುಡಿದು ಭಾನುವಾರ ಜಿಮ್‌ನಲ್ಲಿ ಬೆವರಿಳಿಸಿದರೆ ಲೆಕ್ಕ ಚುಕ್ತಾ ಅಂತ ಇದರ ಅರ್ಥವಲ್ಲ. ಹ್ಯಾಂಗೋವರ್ ಇರುವಾಗ ದೇಹದಲ್ಲಿ ನೀರೇ ಕಡಿಮೆ ಇರುತ್ತದೆ, ಆಗ ಜೋರು ಕಸರತ್ತು ಒಳ್ಳೆಯದೂ ಅಲ್ಲ. ಆದರೆ ಸಂಜೆ ಹೊತ್ತು ಕಬಡ್ಡಿ, ವಾಲಿಬಾಲ್, ಸೈಕಲ್, ಸುಮ್ನೆ ಒಂದು ಓಟ, ಯಾವುದಾದರೂ ದಿನಾ ಇರುವ ಮಗುವಿನ ಮೆದುಳಿಗೆ ಅದು ಒಳ್ಳೆಯದು ಅನ್ನುವುದರಲ್ಲಿ ಅನುಮಾನ ಬೇಡ. ಪಿಯುಸಿ ಬಂತು ಅಂತ ಮೊದಲು ಆಟ ಬಿಡಿಸುವ ನಮ್ಮ ಪದ್ಧತಿಯನ್ನು ಇನ್ನೊಮ್ಮೆ ಯೋಚಿಸಬೇಕು.

ಇಲಿಗಳ ಕಥೆ ಆಯ್ತು. ಮನುಷ್ಯರಲ್ಲಿ?

ಬದುಕಿರುವ ಮನುಷ್ಯರ ರಾಫೆಯ ಕೋಶಗಳನ್ನು ಹೀಗೆ ಎಣಿಸಲು ಬರುವುದಿಲ್ಲ. ಮಕ್ಕಳಿಗೆ ಕುಡಿಸಿ ನೋಡುವ ಪ್ರಯೋಗವಂತೂ ಯಾರೂ ಮಾಡಬಾರದ್ದು. ಹಾಗಾಗಿ ಮನುಷ್ಯರಲ್ಲಿ ಸಿಗುವ ಆಧಾರ ಬೇರೆ ಥರದ್ದು.

ಅಮೆರಿಕದಲ್ಲಿ 2012ರಲ್ಲಿ ಶುರುವಾದ ಎನ್‌ಕಾಂಡಾ ಅಧ್ಯಯನ 12ರಿಂದ 21ರ 831 ಮಂದಿಯ ಮೆದುಳನ್ನು ವರ್ಷ ವರ್ಷ ಎಂಆರ್‌ಐನಲ್ಲಿ ನೋಡುತ್ತಾ ಬಂತು. ಜಾಸ್ತಿ ಕುಡಿಯಲು ಶುರು ಮಾಡಿದವರಲ್ಲಿ ಮುಂಭಾಗದ ಬೂದು ದ್ರವ್ಯ (ನರಕೋಶಗಳು ತುಂಬಿರುವ ಪದರ) ಆ ವಯಸ್ಸಿಗೆ ಸಹಜವಾದದ್ದಕ್ಕಿಂತ ಬೇಗ ತೆಳುವಾಗುತ್ತಿತ್ತು. ಇದು ಮೆದುಳಿನ ಆಕಾರದ ಮಾತು, ಸಿರೊಟೋನಿನ್ ಮಾತಲ್ಲ. ವರ್ಷಗಟ್ಟಲೆ ಕುಡಿದ ದೊಡ್ಡವರ ಮೆದುಳಿನ ಸ್ಕ್ಯಾನ್‌ಗಳಲ್ಲಿ, ಸಿರೊಟೋನಿನ್ ವಾಪಸು ಎಳೆದುಕೊಳ್ಳುವ ಪ್ರೋಟೀನ್ ರಾಫೆಯ ಭಾಗದಲ್ಲಿ ಕಡಿಮೆ ಇದ್ದದ್ದನ್ನು 1998ರಲ್ಲೇ ಒಂದು ತಂಡ ತೋರಿಸಿತ್ತು. ಆಮೇಲೆ ಬಂದ ಎಲ್ಲ ಅಧ್ಯಯನಗಳೂ ಅದನ್ನೇ ಹೇಳಲಿಲ್ಲ.

ವಯಸ್ಸಿನ ಬಗ್ಗೆ ಇರುವ ಅಂಕಿಅಂಶ ಮಾತ್ರ ಗಟ್ಟಿ. 1997ರಲ್ಲಿ ಅಮೆರಿಕದ ಬ್ರಿಜೆಟ್ ಗ್ರಾಂಟ್ ಮತ್ತು ಡೆಬೊರಾ ಡಾಸನ್ ದೊಡ್ಡ ಸಮೀಕ್ಷೆಯೊಂದನ್ನು ವಿಶ್ಲೇಷಿಸಿದರು. 15 ತುಂಬುವ ಮೊದಲೇ ಕುಡಿತ ಶುರು ಮಾಡಿದವರಲ್ಲಿ ಸುಮಾರು ಶೇ. 40ರಷ್ಟು ಮಂದಿ ಬದುಕಿನ ಯಾವುದೋ ಹಂತದಲ್ಲಿ ಮದ್ಯದ ದಾಸರಾಗಿದ್ದರು. ಇಪ್ಪತ್ತರ ಮೇಲೆ ಶುರು ಮಾಡಿದವರಲ್ಲಿ ಅದು ಶೇ. 10ರ ಹತ್ತಿರ. ಬೇಗ ಶುರು ಮಾಡುವ ಮಕ್ಕಳಿಗೆ ಮೊದಲೇ ಬೇರೆ ಕಷ್ಟಗಳಿರಬಹುದು, ಅದೂ ಇದರಲ್ಲಿ ಸೇರಿರುತ್ತದೆ. ಆದರೂ ಇಷ್ಟು ದೊಡ್ಡ ವ್ಯತ್ಯಾಸವನ್ನು ತಳ್ಳಿಹಾಕುವಂತಿಲ್ಲ.

ಸಿರೊಟೋನಿನ್ ಮೊದಲೇ ಕಡಿಮೆ ಇರುವವರೇ ಕುಡಿತಕ್ಕೆ ಬೀಳ್ತಾರಾ? ಮನೆಯಲ್ಲಿ ಅಪ್ಪ ಕುಡಿಯುತ್ತಿದ್ದರೆ?

ಎರಡೂ ದಿಕ್ಕಿನಿಂದ ನಡೆಯುತ್ತದೆ. ಅಮೆರಿಕದ ಸಂಶೋಧಕ ಡೀ ಹಿಗ್ಲೆ ಮತ್ತು ಜೊತೆಗಾರರು 1990ರ ದಶಕದಲ್ಲಿ ರೀಸಸ್ ಕೋತಿಗಳನ್ನು ನೋಡಿದರು. ತಾಯಿಯಿಲ್ಲದೆ ಓರಗೆಯ ಮರಿಗಳ ಜೊತೆ ಬೆಳೆದ ಕೋತಿಗಳ ಬೆನ್ನುಹುರಿ ದ್ರವದಲ್ಲಿ ಸಿರೊಟೋನಿನ್ ಒಡೆದಾಗ ಸಿಗುವ ವಸ್ತು ಕಡಿಮೆ ಇತ್ತು. ಸಿಹಿ ಬೆರೆಸಿದ ಆಲ್ಕೋಹಾಲ್ ಇಟ್ಟರೆ ಅಂಥವು ಜಾಸ್ತಿ ಕುಡಿಯುತ್ತಿದ್ದವು. ಅಂದರೆ ಎಳವೆಯ ಒಂಟಿತನ ಕೂಡ ಈ ವ್ಯವಸ್ಥೆಯನ್ನು ಮುಟ್ಟುತ್ತದೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ತಂಡದವರು, ಮನೆತನದಲ್ಲಿ ಕುಡಿತದ ಚಟ ಇರುವ, ಆದರೆ ತಾವಿನ್ನೂ ಕುಡಿಯದ ಹುಡುಗರ ಮೆದುಳಿನ ಸ್ಕ್ಯಾನ್ ಮಾಡಿ 2007ರಲ್ಲಿ ಪ್ರಕಟಿಸಿದರು. ಕೆಲವು ಭಾಗಗಳು ಬೇರೆ ಹುಡುಗರಿಗಿಂತ ಚಿಕ್ಕದಿದ್ದವು. ಇದು ಹಣೆಬರಹ ಅಲ್ಲ. ಆದರೆ ಅಂಥ ಮನೆಯ ಮಗು ಮೊದಲ ಗ್ಲಾಸನ್ನು ಎಷ್ಟು ತಡವಾಗಿ ಮುಟ್ಟಿದರೆ ಅಷ್ಟು ಒಳ್ಳೆಯದು, ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ಈ ಮಾತನ್ನು ಮಗುವಿಗೇ ಕೂರಿಸಿಕೊಂಡು ಹೇಳಬಹುದು, ಬೈಗುಳ ಸೇರಿಸದೆ.

ಬಾಳೆಹಣ್ಣು, ಚಾಕೊಲೇಟ್ ತಿಂದರೆ ಸಿರೊಟೋನಿನ್ ಏರುತ್ತದಾ?

ಬಾಳೆಹಣ್ಣಿನಲ್ಲಿ ಸಿರೊಟೋನಿನ್ ಇರುವುದು ನಿಜ. ಆದರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಹಾಲು, ಮೊಟ್ಟೆ, ಕಡಲೆಕಾಯಿ, ಬೇಳೆಯಲ್ಲಿ ಟ್ರಿಪ್ಟೊಫಾನ್ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡಲಿ, ಅಷ್ಟು ಸಾಕು.

ಖಿನ್ನತೆಗೆ ಮಾತ್ರೆ ತಗೊಳ್ತಿರೋ ಮಗ ಪಾರ್ಟಿಯಲ್ಲಿ ಸ್ವಲ್ಪ ಕುಡಿಯಬಹುದಾ?

ಬೇಡ. ಫ್ಲೂಆಕ್ಸೆಟಿನ್, ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಗಳು ಸಿರೊಟೋನಿನ್ ವ್ಯವಸ್ಥೆಯ ಮೇಲೇ ಕೆಲಸ ಮಾಡುತ್ತವೆ. ಫಲ ಕಾಣಲು ಕೆಲವು ವಾರ ಬೇಕು. ಕುಡಿತ ಆ ಕೆಲಸವನ್ನೇ ಕೆಡಿಸುತ್ತದೆ, ಮಂಪರು ಜಾಸ್ತಿಯಾಗುತ್ತದೆ. ಎಳೆಯರಲ್ಲಿ ಈ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಎಚ್ಚರಿಕೆ ಹಾಕಿಸಿತು. ದುಡುಕು ಹೆಚ್ಚಿಸುವ ಮದ್ಯ ಅದರ ಜೊತೆ ಸೇರುವುದು ತೀರಾ ಅಪಾಯ. ಹಾಗಂತ ಪಾರ್ಟಿಗೋಸ್ಕರ ಎರಡು ದಿನ ಮಾತ್ರೆ ಬಿಡುವುದೂ ತಪ್ಪು. ಡಾಕ್ಟರಿಗೆ ಕುಡಿತದ ವಿಷಯ ಮುಚ್ಚಿಡಬೇಡಿ. ಔಷಧ, ಪ್ರಮಾಣ ಎಲ್ಲವನ್ನೂ ಅವರು ಅದನ್ನು ನೋಡಿಯೇ ನಿರ್ಧರಿಸುತ್ತಾರೆ.

ವಾಂತಿ ಮಾತ್ರೆಯಿಂದ ಕುಡಿತ ಬಿಡಿಸಬಹುದಂತೆ?

ಆಂಡಾನ್ಸೆಟ್ರಾನ್ ಬಗ್ಗೆ ಕೇಳುತ್ತಿದ್ದೀರಿ. ಮೇಲೆ ಹೇಳಿದ 5-ಎಚ್‌ಟಿ3 ಗ್ರಾಹಕವನ್ನು ಅದು ತಡೆಯುತ್ತದೆ. ಎಳೆ ವಯಸ್ಸಿನಲ್ಲೇ ಚಟಕ್ಕೆ ಬಿದ್ದವರಲ್ಲಿ ಕುಡಿತ ಕಡಿಮೆಯಾಯಿತು ಅಂತ 2000ದಲ್ಲಿ ಬ್ಯಾಂಕೋಲೆ ಜಾನ್ಸನ್ ತಂಡ ತೋರಿಸಿತ್ತು, ತಡವಾಗಿ ಶುರು ಮಾಡಿದವರಲ್ಲಿ ಆ ಫಲ ಕಾಣಲಿಲ್ಲ. ಬೇಗ ಶುರುವಾದ ಕುಡಿತದಲ್ಲಿ ಸಿರೊಟೋನಿನ್‌ದೇ ಬೇರೆ ಪಾತ್ರ ಇದೆ ಅನ್ನುವುದಕ್ಕೆ ಇದೊಂದು ಸುಳಿವು. ಆದರೆ ಮನೆಯಲ್ಲಿ ನೀವೇ ಕೊಡುವ ಔಷಧ ಇದಲ್ಲ.

ಹೊರಗೆ ಕದ್ದು ಕುಡಿಯೋದಕ್ಕಿಂತ ಮನೆಯಲ್ಲೇ ಸ್ವಲ್ಪ ಕೊಟ್ಟು ಮಿತಿ ಕಲಿಸಿದರೆ?

ಕಳಕಳಿಯಿಂದ ಕೇಳುವ ಪ್ರಶ್ನೆ ಇದು. ಆಸ್ಟ್ರೇಲಿಯಾದಲ್ಲಿ 1,927 ಮಕ್ಕಳನ್ನು ಆರು ವರ್ಷ ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಉತ್ತರ ಕೊಟ್ಟಿದೆ. ಅಪ್ಪ ಅಮ್ಮ ಕೊಟ್ಟ ಮಕ್ಕಳು ಬಿಂಜ್‌ನಿಂದ ಪಾರಾಗಲಿಲ್ಲ. ಅವರು ಹೊರಗಿನಿಂದ ತರಿಸಿಕೊಳ್ಳುವುದೂ ಜಾಸ್ತಿಯೇ ಇತ್ತು.

ಕಾನೂನೂ ಗೊತ್ತಿರಲಿ. ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದಿತ್ತು, ವಿರೋಧ ಎದ್ದ ಮೇಲೆ ಸರ್ಕಾರ ಕೈಬಿಟ್ಟಿತು. 18ರೊಳಗಿನ ಮಗುವಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಯಾವಾಗ ಸಹಾಯ ಕೇಳಬೇಕು? ಎಲ್ಲಿ?

ಕುಡಿಯದ ದಿನಗಳಲ್ಲೂ ನಿದ್ದೆ ಕೆಟ್ಟಿದೆ, ಸ್ನೇಹಿತರು ಬದಲಾಗಿದ್ದಾರೆ, ಇಷ್ಟದ ಆಟವೂ ಬೇಡವಾಗಿದೆ, ರಾತ್ರಿ ಏನಾಯಿತು ಅನ್ನುವುದೇ ನೆನಪಿಲ್ಲ ಅಂತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಟದ ವಿಷಯಕ್ಕೇ ಆದರೆ ಕೇಂದ್ರ ಸರ್ಕಾರದ 14446. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ದಿನಾ ಕುಡಿಯುತ್ತಿದ್ದವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೋಗಬೇಡಿ. ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಡಾಕ್ಟರ ಕಣ್ಣೆದುರು ಬಿಡಿಸುವುದೇ ಸರಿ.

ಕುಡಿದು ಎಚ್ಚರ ತಪ್ಪಿ ಬಿದ್ದಿದ್ದಾನೆ. ಈಗಲೇ ಏನು ಮಾಡಲಿ?

108ಕ್ಕೆ ಫೋನ್ ಮಾಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಉಸಿರುನಾಳಕ್ಕೆ ಹೋಗಬಾರದು. ಮಜ್ಜಿಗೆ, ನಿಂಬೆರಸ, ಉಪ್ಪುನೀರು, ಕಾಫಿ ಏನನ್ನೂ ಬಾಯಿಗೆ ಹಾಕಬೇಡಿ. ತಣ್ಣೀರು ಸುರಿಯಬೇಡಿ. ಕರೆದರೆ, ಚಿವುಟಿದರೆ ಏಳುತ್ತಿಲ್ಲ, ಉಸಿರು ತೀರಾ ನಿಧಾನ, ಮೈ ತಣ್ಣಗಾಗಿದೆ, ತುಟಿ ನೀಲಿಯಾಗಿದೆ ಅಂದರೆ ಒಂದು ನಿಮಿಷವೂ ತಡ ಬೇಡ. ‘ಮಲಗಿದರೆ ಇಳಿಯುತ್ತೆ’ ಅಂತ ಒಬ್ಬನನ್ನೇ ಬಿಟ್ಟು ಹೋಗಬೇಡಿ. ಹೊಟ್ಟೆಯಲ್ಲಿ ಉಳಿದದ್ದು ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ. ದೇಹ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ, ಒಂದು ಕ್ವಾರ್ಟರ್ ಕರಗಲು ಆರು ಗಂಟೆ ಮೀರುತ್ತದೆ. ಏನು ಕುಡಿದ, ಎಷ್ಟು ಹೊತ್ತಿಗೆ ಕುಡಿದ, ಜೊತೆಗೆ ಯಾವುದಾದರೂ ಮಾತ್ರೆ ನುಂಗಿದ್ದಾನಾ ಅಂತ ಸ್ನೇಹಿತರನ್ನು ಕೇಳಿ, ಆಸ್ಪತ್ರೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಖಾಲಿ ಬಾಟಲಿ ಅಥವಾ ಪ್ಯಾಕೆಟ್ ಸಿಕ್ಕರೆ ಅದನ್ನೂ ಜೊತೆಗೆ ತಗೊಂಡು ಹೋಗಿ.